ದಕ್ಷಿಣಕ್ಕೆ ಬಂದ ಗೋಮುಖ

ತಿರುವನಂತಪುರದ ಕನ್ನಡ ಕೂಟದ ಹಾಲಿನ ಬೀಗ ತೆಗೆದಾಗ ಬಸದಿ ಇತ್ತು, ಒಳಗಿದ್ದ ಪಾರ್ಶ್ವನಾಥ ಇರಲಿಲ್ಲ. ಬಸದಿಯೆಂದರೆ ಮರದ ಮಾದರಿ. ಮೂಡುಬಿದಿರೆಯ ಬಸದಿಗೂ ಕೇರಳದ ಅಂಬಲವೆಂಬ ಗುಡಿಗೂ ಇರುವ ಇಳಿಜಾರು ಮಾಡಿನ ನಂಟು ತೋರಿಸಲೆಂದು, 2004ರ ಪ್ರದರ್ಶನಕ್ಕಾಗಿ ಕಾಸರಗೋಡಿನ ಬಡಗಿ ಅಚ್ಯುತ ಮಾಡಿಕೊಟ್ಟದ್ದು. ಮೂರ್ತಿ ಮಾತ್ರ ವಿಜ್ಞಾನಿ ಶ್ರೀಕಂಠನ ಮನೆತನದ ಹಳೆಯ ಕಂಚು.

"ಮಾಡು ಎತ್ತಿದ್ರೆ ನಾಲ್ಕೂ ಗೋಡೆ ಕಳಚುತ್ತೆ. ಮತ್ತೆ ಜೋಡಿಸೋಕೆ ಬಡಗಿಗಲ್ದೆ ಇನ್ಯಾರಿಗೆ ಬರುತ್ತೆ?" ಕಾರ್ಯದರ್ಶಿ ಕೃಷ್ಣಾನಂದ ಪೊಲೀಸರಿಗೆ ಫೋನ್ ಮಾಡಲು ಹೊರಟ.

ಅಚ್ಯುತ ಬಾಯಿ ತೆರೆದು ಮಾದರಿಯತ್ತ ಕೈ ಚಾಚಿದ.

"ಮುಟ್ಟಬೇಡಿ!" ಎಂದುಬಿಟ್ಟಳು ಕೂಟದ ಸದಸ್ಯೆ ಪ್ರೇಮ. ಅಚ್ಯುತನನ್ನು ಈ ಕೆಲಸಕ್ಕೆ ಕರೆತಂದವಳು ಅವಳೇ. ಅಯ್ಯೋ, ಕಳ್ಳನೆಂಬ ಹೆಸರು ಬಂದರೆ ಇನ್ನು ಯಾವ ದೇವಸ್ಥಾನದವರು ಅವನ ಉಳಿಯನ್ನು ಒಳಗೆ ಬಿಟ್ಟಾರು? ಫೋನ್ ಮಾಡಲು ಸ್ವಲ್ಪ ತಡೆಯಿರೆಂದು ಹೇಳಿ, ಪಕ್ಕದ ಮನೆಯ ಸುಮಿತ್ರಮ್ಮನನ್ನು ಎಳೆದುಕೊಂಡೇ ಬಂದಳು. ಲೈಬ್ರರಿ ಕೆಲಸದಿಂದ ನಿವೃತ್ತರಾದ ಸುಮಿತ್ರಮ್ಮ ಇಂಥ ಎಷ್ಟೋ ಗಂಟುಗಳನ್ನು ಬಿಡಿಸಿದವರು.

ಅವರು ಅಭಿಷೇಕದ ನೀರು ಹೊರಬೀಳುವ ಗೋಮುಖವನ್ನು ಬೆರಳಿನಿಂದ ಮುಟ್ಟಿದರು. ಮೇಜಿನ ಮೇಲಿದ್ದ ಪ್ರದರ್ಶನದ ಪುಸ್ತಿಕೆಯ ಮುಖಚಿತ್ರವನ್ನೂ ಮಾದರಿಯನ್ನೂ ಎರಡೆರಡು ಸಲ ನೋಡಿದರು. ಎರಡೂ ಪಡಿಯಚ್ಚು.

"ಬೀಗದಕೈ ಯಾರ‍್ಯಾರ ಹತ್ರ ಇದೆ?"

"ನನ್ನ ಹತ್ರ, ಶ್ರೀಕಂಠ ಸಾರ್ ಹತ್ರ, ಅಚ್ಯುತನ ಹತ್ರ" ಎಂದ ಕೃಷ್ಣಾನಂದ.

"ಈ ಪುಸ್ತಿಕೆ?"

"ನಿನ್ನೆ ಸಂಜೆ ಪ್ರೆಸ್ಸಿಂದ ತಂದು ಮನೇಲಿಟ್ಕೊಂಡಿದ್ದೆ. ಈಗ ತಾನೇ ಕಟ್ಟು ಬಿಚ್ಚಿದ್ದು."

ಸುಮಿತ್ರಮ್ಮ ಎಲ್ಲರನ್ನೂ ಕೂರಿಸಿದರು.

"ಹೊಯ್ಸಳರ ಗುಡಿಯಲ್ಲಿ ಕಲ್ಲಿನ ಶಿಖರ, ಇಲ್ಲಿ ಹೆಂಚಿನ ಮಾಡು. ಊರಿಗೊಂದು ರೀತಿ. ಆದ್ರೆ ಪೂರ್ವಕ್ಕೆ ಬಾಗಿಲಿದ್ರೆ ಗೋಮುಖ ಉತ್ತರಕ್ಕೇ. ಇಲ್ಲಿ ನೋಡಿ, ದಕ್ಷಿಣಕ್ಕಿದೆ. ಕದ್ದವನು ಗೋಡೆ ಅದಲುಬದಲು ಮಾಡಿದ್ದಾನೆ."

"ಗಾಬರೀಲಿ ಅಚ್ಯುತನೇ ತಪ್ಪಿರಬಹುದಲ್ವಾ?" ಎಂದ ಶ್ರೀಕಂಠ.

"ಎಷ್ಟೇ ಗಾಬರಿಯಾದ್ರೂ ಉಣ್ಣೋ ಕೈ ಯಾವುದು ಅನ್ನೋದು ಮರೆಯುತ್ತೇನಪ್ಪಾ? ಇದು ಚಿತ್ರ ನೋಡ್ಕೊಂಡು ಜೋಡಿಸಿದ್ದು." ಅವರು ಪುಸ್ತಿಕೆ ಎತ್ತಿ ಹಿಡಿದರು. "ಪ್ರೆಸ್ಸಿನವರು ಫಿಲ್ಮ್ ಮಗುಚಿ ಹಾಕಿದ್ದಾರೆ, ಎಡ ಬಲ ಅದಲುಬದಲಾಗಿದೆ. ಚಿತ್ರದಲ್ಲೂ ಗೋಮುಖ ದಕ್ಷಿಣಕ್ಕೇ ಇದೆ. ಬೆಳಗಾಗೋವರೆಗೆ ಈ ಚಿತ್ರ ಇದ್ದದ್ದು ಒಬ್ಬರ ಮನೇಲಿ ಮಾತ್ರ."

ಕೃಷ್ಣಾನಂದನ ಮುಖ ಬಿಳಿಚಿತು. "ಕೊಚ್ಚಿಯ ಒಬ್ಬ ವ್ಯಾಪಾರಿಗೆ ಮಾತು ಕೊಟ್ಬಿಟ್ಟಿದ್ದೆ..." ಮೂರ್ತಿ ಕೃಷ್ಣಾನಂದನ ಕಾರಿನಲ್ಲೇ ಸಿಕ್ಕಿತು.

ಅನುಮಾನಪಟ್ಟದ್ದಕ್ಕೆ ಶ್ರೀಕಂಠ ಅಚ್ಯುತನಿಗೆ ಕೈಮುಗಿದು ಕ್ಷಮೆ ಕೇಳಿದ. ಅಚ್ಯುತ ಆಗಲೇ ಮಾಡು ಎತ್ತಿ ಗೋಡೆಗಳನ್ನು ಸರಿಪಡಿಸುತ್ತಿದ್ದ.

"ನಿಮಗೆ ಮೊದಲೇ ಗೊತ್ತಾಗಿತ್ತಾ ಅಚ್ಯುತಣ್ಣ?" ಎಂದಳು ಪ್ರೇಮ.

"ಬಾಗಿಲು ತೆಗೆದ ಕೂಡ್ಲೇ ಕಂಡಿತ್ತು ಅಕ್ಕ. ತೋರಿಸ್ಲಿಕ್ಕೆ ಕೈ ಚಾಚಿದೆ." ಅವನು ತಲೆ ಎತ್ತಲಿಲ್ಲ. "ಮುಟ್ಟಬೇಡಿ ಅಂತ ಹೇಳಿದ್ದು ನೀವೇ ಅಲ್ವಾ?"