ಕೆಂಪು ಕಾಲು

ಕಾಫಿ ಪಾತ್ರೆ ತರಲು ನೆಲಮಾಳಿಗೆಗೆ ಇಳಿಯಹೊರಟ ಪಿಹ್ಲಾ ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಳು.

ಕೆಳಗೆ ಓನ್ನಿ ಬಿದ್ದಿದ್ದ. ಒಂದು ಕೈ ಮೈಯಡಿಗೆ ಸಿಕ್ಕಿಕೊಂಡಿತ್ತು. ತಲೆಯ ಹತ್ತಿರ ಸಿಮೆಂಟಿನ ಮೇಲೆ ರಕ್ತ ಹರಿದಿತ್ತು.

ಪಿಹ್ಲಾಳ ಹಿಂದೆಯೇ ಬಂದಿದ್ದ ಇಬ್ಬರು ಹೊಸ ಹುಡುಗಿಯರು ಕಿರುಚಿದರು. ಪಿಹ್ಲಾ ಕಿರುಚಲಿಲ್ಲ. ಧಡಧಡ ಇಳಿದು ಮೊಣಕಾಲೂರಿ ಅವನ ಕುತ್ತಿಗೆ ಮುಟ್ಟಿದಳು. ನಾಡಿ ಇತ್ತು. ಅವಳ ಓವರಾಲ್‌ನ ಹಸಿರು ಕಾಲಿಗೆ ರಕ್ತ ಅಂಟಿತು.

"ಆಂಬುಲೆನ್ಸ್‌ಗೆ ಫೋನ್ ಮಾಡಿ! ಏರಿಕ್‌ನ ಕರೀರಿ! ಯಾರನ್ನಾದ್ರೂ ಕರೀರಿ!"

ಹೊರಗೆ ಅಂಗಳದಲ್ಲಿ ನಗು, ಸೀಟಿ, ಕೇಕೆ. ಪರದೇಶಗಳಿಂದ ಆ ವರ್ಷ ವಿಶ್ವವಿದ್ಯಾಲಯಕ್ಕೆ ಬಂದ ಹೊಸಬರಿಗೆ ಹಳೆಯ ವಿದ್ಯಾರ್ಥಿಗಳು ಆಟವಾಡಿಸುವ ದಿನ ಅದು. ಆ ಹಳಬರೇ ಮೆಂಟರ್‌ಗಳು. ಬಸ್ ಹತ್ತಿಸುವುದು, ಬ್ಯಾಂಕಿಗೆ ಕರೆದೊಯ್ಯುವುದು, ಮೊದಲ ಚಳಿಗೆ ಯಾವ ಬೂಟು ಬೇಕೆಂದು ಹೇಳಿಕೊಡುವುದು, ಎಲ್ಲ ಅವರ ಕೆಲಸ. ಓನ್ನಿ ಆ ಮೆಂಟರ್‌ಗಳ ಮುಖ್ಯಸ್ಥ.

ಮೇಲಿನ ಮೆಟ್ಟಿಲ ಬಳಿ ಅವನ ಸೀಟಿ ಬಿದ್ದಿತ್ತು. ಅದರ ದಾರ ಹರಿದಿತ್ತು.

*

"ಜಾರಿ ಬಿದ್ದಿರ್ತಾನೆ" ಎಂದ ಏರಿಕ್. "ಹಾಳು ಮೆಟ್ಟಿಲು. ಹೋದ ವರ್ಷ ನಾನೇ ಬೀಳ್ತಿದ್ದೆ."

ಏರಿಕ್ ಕೂಡ ಮೆಂಟರ್. ರೈಲು ನಿಲ್ದಾಣಕ್ಕೆ ಹೋಗಿ ಹೊಸಬರನ್ನು ಇದಿರುಗೊಳ್ಳುವುದು ಅವನ ಪಾಲಿನ ಕೆಲಸ. ನಗುಮೊಗದವನು. ಎಲ್ಲರಿಗೂ ಬೇಕಾದವನು.

ಇನ್‌ಸ್ಪೆಕ್ಟರ್ ರೌತಿಯೊ ನಗುಮೊಗದವಳಲ್ಲ. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಸೀಟಿಯನ್ನು ಎತ್ತಿ ತೋರಿಸಿದಳು.

"ಜಾರಿದವನ ಜೊತೆ ಅವನ ಸೀಟೀನೂ ಜಾರಬೇಕಿತ್ತಲ್ಲ ತಮ್ಮಾ? ಇದು ಮೇಲೇ ಉಳಿದಿದೆ. ಯಾರೋ ಕುತ್ತಿಗೆ ದಾರ ಹಿಡಿದು ಜಗ್ಗಿದಾರೆ. ಆಮೇಲೆ ತಳ್ಳಿದಾರೆ."

ನೋಡಿದವನು ಒಬ್ಬನೇ. ಪೋರ್ಚುಗಲ್‌ನ ದುವಾರ್ತೆ. ಮೆಟ್ಟಿಲ ಪಕ್ಕ ಒಂದು ಪರದೆ ಕಟ್ಟಿದ್ದರು, ಹೊಸಬರು ಓವರಾಲ್ ತೊಟ್ಟು ಅಳತೆ ನೋಡಿಕೊಳ್ಳಲು. ಅಂಗಿ, ಪ್ಯಾಂಟು ಒಂದಾಗಿ ಹೊಲಿದ ಈ ಓವರಾಲ್ ಎಂದರೆ ಅಲ್ಲಿನ ವಿದ್ಯಾರ್ಥಿಗಳಿಗೆಲ್ಲ ಪ್ರಾಣ. ಒಂದೊಂದು ವಿಭಾಗಕ್ಕೆ ಒಂದೊಂದು ಬಣ್ಣ, ಮೈತುಂಬ ಹಬ್ಬಗಳ ಬಟ್ಟೆಬಿಲ್ಲೆ. ದುವಾರ್ತೆ ಪರದೆಯೊಳಗಿದ್ದ, ಕಿವಿಯಲ್ಲಿ ಹಾಡು ಹಾಕಿಕೊಂಡು.

"ಏನೂ ಕೇಳಿಸ್ಲಿಲ್ಲ. ಕೆಳಗಿನ ಸಂದಿಯಲ್ಲಿ ಕೆಂಪು ಪ್ಯಾಂಟ್ ಕಾಣ್ತು. ಓಡಿಹೋಯ್ತು. ಅಷ್ಟೇ."

"ಕೆಂಪು ಓವರಾಲ್ ಹಾಕ್ಕೊಂಡವರು ಇವತ್ತು ಇಲ್ಲಿ ಯಾರ್ಯಾರಿದ್ರು?" ರೌತಿಯೊ ಎಲ್ಲರನ್ನೂ ಕೇಳಿದಳು.

ಎಲ್ಲರೂ ಒಂದೇ ಉತ್ತರ ಕೊಟ್ಟರು. ಕೆಂಪು ಎಂದರೆ ಭೌತಶಾಸ್ತ್ರ. ಆ ವಿಭಾಗದವರೆಲ್ಲ ಸರೋವರದ ಆಚೆ ದಡದಲ್ಲಿ ಆಟವಾಡಿಸುತ್ತಿದ್ದರು. ಇಲ್ಲಿದ್ದವರು ಇಬ್ಬರೇ: ಪಿಹ್ಲಾ, ಮತ್ತು ಪಿಹ್ಲಾ ನೋಡಿಕೊಳ್ಳುತ್ತಿದ್ದ ಮಂಗೋಲಿಯಾದ ಹುಡುಗಿ ಒಯುನಾ. ಪಿಹ್ಲಾ ಅಂಗಳದಲ್ಲಿ ಎಲ್ಲರ ಕಣ್ಣೆದುರಿಗಿದ್ದಳು. ಒಯುನಾ ಎಲ್ಲಿದ್ದಳೋ ಯಾರಿಗೂ ಗೊತ್ತಿರಲಿಲ್ಲ.

"ಸರೋವರದ ಹತ್ರ ಕೂತಿದ್ದೆ" ಎಂದಳು ಒಯುನಾ. "ಒಬ್ಳೇ."

"ಬೆಳಿಗ್ಗೆ ಓನ್ನಿ ಮೇಲೆ ಕೂಗಾಡಿದ್ಯಂತೆ. 'ನನ್ನ ಪಾಡಿಗೆ ನನ್ನ ಬಿಡು' ಅಂದ್ಯಂತೆ. ಯಾಕೆ?"

ಒಯುನಾ ಕೈಗಳನ್ನು ತೋಳಿನೊಳಗೆ ಎಳೆದುಕೊಂಡಳು. ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

ರೌತಿಯೊ ಅವಳ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಳು. "ಊರು ಬಿಟ್ಟು ಹೋಗ್ಬೇಡ. ನಾಳೆ ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ಅಷ್ಟರೊಳಗೆ ಯೋಚ್ನೆ ಮಾಡು."

ಪಿಹ್ಲಾ ಒಯುನಾಳ ಪಕ್ಕ ಬಂದು ನಿಂತಳು. ಓನ್ನಿ ಕಣ್ಣು ತೆರೆಯದಿದ್ದರೆ? ಕೇಸು ಬಿದ್ದರೆ ಈ ಹುಡುಗಿಯ ಓದು ಹೋಯಿತು, ವಾಸದ ಪರವಾನಗಿ ಹೋಯಿತು, ಬದುಕೇ ಹೋಯಿತು. ಇದೆಲ್ಲ ನಾಳೆ ಸಂಜೆಯೊಳಗೆ.

*

ಮರುದಿನ ಬೆಳಿಗ್ಗೆ ಮೆಂಟರ್‌ಗಳ ಕೋಣೆ ಸಾವಿನ ಮನೆಯಂತಿತ್ತು. ಓನ್ನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಏರಿಕ್ ಏಲಕ್ಕಿ ಬನ್ನು ತಂದು ಎಲ್ಲರಿಗೂ ಹಂಚಿದ. ಜೀನ್ಸ್ ತೊಟ್ಟು ಬಂದಿದ್ದ.

"ಏನೋ, ಓವರಾಲ್ ಎಲ್ಲಿ?" ಯಾರೋ ಕೇಳಿದರು.

"ತೊಳೆಯಕ್ಕೆ ಹಾಕಿದೀನಿ. ಬ್ಲೂಬೆರಿ ಸಾರು ಚೆಲ್ಲಿತ್ತು."

"ತೊಳೆಯೋದಾ! ಅಯ್ಯೋ ಪಾಪಿ!"

ಆ ದುಃಖದಲ್ಲೂ ಒಂದಿಬ್ಬರು ನಕ್ಕರು. ಓವರಾಲನ್ನು ಯಾರೂ ತೊಳೆಯುವುದಿಲ್ಲ. ಕೊಳೆಯೇ ಅದಕ್ಕೆ ಒಡವೆ. ತೀರ ನಾತ ಬಂದರೆ ಅದನ್ನು ತೊಟ್ಟುಕೊಂಡೇ ಸರೋವರಕ್ಕೆ ಹಾರಬೇಕು, ಅದೇ ಕ್ರಮ. ಪಿಹ್ಲಾಗೆ ನಗು ಬರಲಿಲ್ಲ. ಅವಳು ಉಗುರು ಕಚ್ಚುತ್ತ ಕಿಟಕಿ ಬಳಿ ನಿಂತಿದ್ದಳು.

ಏರಿಕ್ ಅವಳ ಹೆಗಲು ತಟ್ಟಿದ. "ಒಯುನಾ ಪಾಪದ ಹುಡುಗಿ ಕಣೇ. ಹೊಸ ಜಾಗ, ಭಾಷೆ ಬರಲ್ಲ. ಬೇಕು ಅಂತ ತಳ್ಳಿರಲ್ಲ. ಒಪ್ಪಿಕೊಂಡ್ರೆ ಶಿಕ್ಷೆ ಕಡಿಮೆ ಆಗತ್ತೆ ಅಂತ ನೀನೇ ಹೇಳು."

ಪಿಹ್ಲಾ ಒಯುನಾಳ ಕೋಣೆಗೆ ಹೋದಳು. ಅದನ್ನು ಹೇಳಲಲ್ಲ. ತಳ್ಳಿದ್ದು ಆ ಹುಡುಗಿಯೇ ಇರಬಹುದೇ ಎಂಬ ಹುಳು ಅವಳ ತಲೆಯನ್ನೂ ರಾತ್ರಿಯಿಡೀ ಕೊರೆದಿತ್ತು. ಅದನ್ನು ಕಳೆದುಕೊಳ್ಳಬೇಕಿತ್ತು.

ಒಯುನಾ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಅವಳ ಬೆರಳುಗಳು ಕೆಂಪಗೆ ಬಿರಿದಿದ್ದವು. ನೆಲ ಒರೆಸುವ ಸೋಪಿನ ವಾಸನೆ.

"ಕೈಗೇನಾಯ್ತು?"

"ಚಳಿ."

ಸೆಪ್ಟೆಂಬರ್‌ನಲ್ಲಿ ಅಂಥ ಚಳಿ ಎಲ್ಲಿಯದು? "ಒಯುನಾ, ಓನ್ನಿ ನಿನ್ನ ಏನು ಕೇಳ್ದ? ನನಗಾದ್ರೂ ಹೇಳು."

"ನೀವೂ ಬರೀತೀರಾ?"

"ಏನನ್ನ?"

"ವರದಿ" ಎಂದಳು ಒಯುನಾ. ಹೇಳಬಾರದ್ದು ಹೇಳಿದವಳಂತೆ ಬೆಚ್ಚಿದಳು. "ಏನಿಲ್ಲ. ನೀವು ಹೋಗಿ. ದಯವಿಟ್ಟು ಹೋಗಿ."

ಬಾಗಿಲು ಮುಚ್ಚಿತು. ಪಿಹ್ಲಾ ಅಲ್ಲೇ ನಿಂತಳು. ಈ ಹುಡುಗಿ ಹೆದರಿರುವುದು ಪೊಲೀಸರಿಗಲ್ಲ. ಹಾಗಾದರೆ ಇನ್ನಾರಿಗೆ?

*

ದುವಾರ್ತೆ ಊಟದ ಸಾಲಿನಲ್ಲಿದ್ದ. ಪಿಹ್ಲಾ ಅವನ ತೋಳು ಹಿಡಿದು ಎಳೆದೊಯ್ದಳು.

"ನನ್ನ ಆಲೂಗಡ್ಡೆ ಆರಿಹೋಗತ್ತೆ!"

"ಆರ್ಲಿ. ನಿನ್ನೆ ನಿಂತಿದ್ದ ಜಾಗದಲ್ಲಿ ನಿಂತ್ಕೋ. ಪರದೆ ಎಳ್ಕೋ. ನೆಟ್ಟಗೆ ನಿಂತಿದ್ಯಾ?"

"ಇಲ್ಲ. ಬಗ್ಗಿ ಬೂಟು ಬಿಚ್ತಿದ್ದೆ."

ಪರದೆಯ ಮುಂದೆ ಓವರಾಲ್‌ಗಳ ರಟ್ಟಿನ ಪೆಟ್ಟಿಗೆಗಳು ಸಾಲಾಗಿದ್ದವು. ಕೊನೆಯ ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಗೇಣು ಸಂದಿ. ಪಿಹ್ಲಾ ಅಲ್ಲಿ ಬಂದು ನಿಂತಳು.

"ಈಗ ಏನು ಕಾಣತ್ತೆ?"

"ಹಸಿರು."

"ಯಾವ ಹಸಿರೋ? ನಾನು ಕೆಂಪು ಹಾಕಿದೀನಿ!"

"ಮೇಲೆ ಏನು ಹಾಕಿದೀರೋ ನಂಗೆ ಹೇಗೆ ಗೊತ್ತಾಗ್ಬೇಕು? ಇಲ್ಲಿಂದ ಒಂದು ಕಾಲು ಕಾಣತ್ತೆ. ಅದು ಹಸಿರು."

"ನಿನ್ನೆ ಎಷ್ಟು ಕಾಲು ಕಾಣ್ತು?"

"ಒಂದೇ. ಎಲ್ಲರೂ ಬಣ್ಣ ಕೇಳಿದ್ರು. ಎಷ್ಟು ಕಾಲು ಅಂತ ಯಾರೂ ಕೇಳ್ಲಿಲ್ಲ."

ಪಿಹ್ಲಾ ತನ್ನ ಎಡಗಾಲನ್ನು ನೋಡಿಕೊಂಡಳು. ಅರಣ್ಯ ವಿಭಾಗದ ಗೆಳತಿಯೊಂದಿಗೆ ಮೂರು ವರ್ಷದ ಹಿಂದೆ ಬದಲಾಯಿಸಿಕೊಂಡ ಕಾಲು ಅದು. ಪ್ರಾಣದ ಗೆಳೆಯರು, ಪ್ರೇಮಿಗಳು ಓವರಾಲಿನ ಮೊಣಕಾಲಿನ ಕೆಳಗಿನ ತುಂಡನ್ನು ಕತ್ತರಿಸಿ, ಒಬ್ಬರದನ್ನು ಇನ್ನೊಬ್ಬರು ಹೊಲಿದುಕೊಳ್ಳುತ್ತಾರೆ. ಊರಲ್ಲೆಲ್ಲ ಇದೇ ರೂಢಿ. ಎಷ್ಟು ರೂಢಿಯೆಂದರೆ, ಯಾರ ಕಣ್ಣಿಗೂ ಅದು ಬೀಳುವುದೇ ಇಲ್ಲ.

ನಿನ್ನೆ ಇಲ್ಲಿದ್ದವರಲ್ಲಿ ಯಾರ ಕಾಲು ಕೆಂಪಗಿತ್ತು? ನೆನಪಾದಾಗ ಅವಳು ಪರದೆ ಸರಿಸಿ, "ಸಂಜೆ ಮೆಂಟರ್‌ಗಳ ಕೋಣೆಗೆ ನೀನೂ ಬಾ" ಎಂದಳು.

*

ಸಂಜೆ ರೌತಿಯೊ ಬಂದಾಗ ಒಯುನಾ ಮೆಂಟರ್‌ಗಳ ಕೋಣೆಯ ಮೂಲೆಯಲ್ಲಿ, ಮಡಿಲಲ್ಲಿ ಚೀಲ ತಬ್ಬಿ ಕುಳಿತಿದ್ದಳು. ದುವಾರ್ತೆ ಇದ್ದ. ಏರಿಕ್ ಕಾಫಿ ಬಗ್ಗಿಸುತ್ತಿದ್ದ.

"ಹೊರಡೋಣವಾ?" ಎಂದಳು ರೌತಿಯೊ.

"ಒಂದು ನಿಮಿಷ" ಎಂದಳು ಪಿಹ್ಲಾ. "ನಾವೆಲ್ಲ ನಿಮಗೆ ತಪ್ಪು ಉತ್ತರ ಕೊಟ್ವಿ. ನೀವು ಕೆಂಪು ಓವರಾಲ್ ಯಾರದು ಅಂತ ಕೇಳಿದ್ರಿ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ, ನಾವು ಒಯುನಾನ ತೋರಿಸಿದ್ವಿ. ಆದ್ರೆ ದುವಾರ್ತೆ ಓವರಾಲ್ ನೋಡೇ ಇಲ್ಲ. ಒಂದು ಕಾಲು ನೋಡಿದಾನೆ. ನನ್ನನ್ನ ಅದೇ ಜಾಗದಲ್ಲಿ ನೋಡಿ ಹಸಿರು ಅಂದ."

ರೌತಿಯೊ ಅವಳ ಎಡಗಾಲು ನೋಡಿದಳು. ಹುಬ್ಬು ಮೇಲೆದ್ದಿತು. "ಥೂ. ಕಾಲೇಜಲ್ಲಿ ನಾನೂ ಬದಲಾಯಿಸಿಕೊಂಡಿದ್ದೆ. ಹೊಳೀಲೇ ಇಲ್ಲ ನೋಡು."

"ಯಾರಿಗೂ ಹೊಳೀಲಿಲ್ಲ. ನಮ್ಮ ಕಣ್ಣಿಗೆ ಎದೆಯ ಬಣ್ಣವೇ ಬಣ್ಣ, ಕಾಲು ಲೆಕ್ಕಕ್ಕಿಲ್ಲ. ಹಾಗಾಗಿ ಹುಡುಕಬೇಕಾದ್ದು ಕೆಂಪು ಓವರಾಲ್ ಅಲ್ಲ, ಬೇರೆ ಬಣ್ಣದ ಓವರಾಲ್‌ಗೆ ಹೊಲಿದ ಕೆಂಪು ಕಾಲು—"

"ಊರಲ್ಲಿ ನನ್ನ ಕಾಲು ಮಾತ್ರಾನಾ ಕೆಂಪು?" ಎಂದ ಏರಿಕ್.

ಎಲ್ಲರೂ ಅವನತ್ತ ತಿರುಗಿದರು. ಅವನ ಹೆಸರನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ನಿನ್ನದು ನೀಲಿ ಓವರಾಲ್" ಎಂದಳು ಪಿಹ್ಲಾ. "ಭೌತಶಾಸ್ತ್ರದ ಹೆಲ್ಮಿಯನ್ನ ಪ್ರೀತಿಸೋವಾಗ ಅವಳ ಕೆಂಪು ಕಾಲು ಹೊಲಿಸ್ಕೊಂಡೆ. ನಾಲ್ಕು ವರ್ಷದಲ್ಲಿ ಒಂದ್ಸಲಾನೂ ತೊಳೆಯದವನು ಓನ್ನಿ ಬಿದ್ದ ಮರುದಿನ ತೊಳೆಯಕ್ಕೆ ಹಾಕಿದೆ. ಯಾಕೋ?"

"ಸಾರು ಚೆಲ್ಲಿತು ಅಂದೆನಲ್ಲ. ಕಾಲು ಹರಿದಿತ್ತು, ಕಿತ್ತು ಬಿಸಾಕ್ದೆ. ಬಟ್ಟೆ ಒಗೆದ್ರೆ ಜೈಲಾ ಇನ್‌ಸ್ಪೆಕ್ಟರ್?"

"ಇಲ್ಲ" ಎಂದಳು ರೌತಿಯೊ ನಿಧಾನವಾಗಿ. "ಇಷ್ಟಕ್ಕೆ ಆಗಲ್ಲ. ಅವನು ಓನ್ನಿಯನ್ನ ಯಾಕೆ ತಳ್ಬೇಕು?"

ಪಿಹ್ಲಾ ಒಯುನಾಳ ಮುಂದೆ ನೆಲದ ಮೇಲೆ ಕುಳಿತಳು. ಇನ್ನು ಉಳಿದದ್ದು ಇದೊಂದೇ ದಾರಿ. ಇದೂ ಮುಚ್ಚಿದರೆ ಮುಗಿಯಿತು.

"ಒಯುನಾ, ವರದಿ ಬರೀತೀವಿ ಅಂತ ನಿಂಗೆ ಯಾರು ಹೇಳಿದ್ರೋ ಗೊತ್ತಿಲ್ಲ. ಸುಳ್ಳು ಅದು. ನಿನ್ನ ಪರವಾನಗಿ ಬಗ್ಗೆ ನಮ್ಮನ್ನ ಯಾರೂ ಒಂದು ಮಾತೂ ಕೇಳಲ್ಲ. ಮೆಂಟರ್ ಅಂದ್ರೆ ಏನು ಮಹಾ? ಬಸ್ ಎಲ್ಲಿ ನಿಲ್ಲತ್ತೆ ಅಂತ ತೋರಿಸೋರು. ನನ್ನ ಕೈಯಲ್ಲಿ ಯಾವ ಅಧಿಕಾರಾನೂ ಇಲ್ಲ. ಅವನ ಕೈಯಲ್ಲೂ ಇಲ್ಲ."

ಒಯುನಾ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ನಿಜಾನಾ?"

"ನಿಜ ಮಗಳೇ. ಅವರ ಮಾತನ್ನ ಅವರ ಮನೆ ಬೆಕ್ಕೂ ಕೇಳಲ್ಲ."

ಒಯುನಾ ಚೀಲವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು. ಏರಿಕ್ ಕೆಮ್ಮಿದ. ಮೊದಲಾಗಿದ್ದರೆ ಆ ಕೆಮ್ಮಿಗೇ ಅವಳ ಬಾಯಿ ಕಟ್ಟುತ್ತಿತ್ತು.

"ನಿಲ್ದಾಣದಿಂದ ಕರ್ಕೊಂಡು ಬಂದ ದಿನವೇ ಹೇಳಿದ್ರು" ಎಂದಳು. "ನನ್ನ ನಡತೆ ಬಗ್ಗೆ ತಿಂಗಳು ತಿಂಗಳು ಸರ್ಕಾರಕ್ಕೆ ವರದಿ ಹೋಗತ್ತೆ, ಬರೆಯೋದು ಅವರೇ ಅಂತ. ಪ್ರತಿ ಶನಿವಾರ ಅವರ ಮನೆ ಒರೆಸ್ತಿದ್ದೆ. ಬಟ್ಟೆ, ಪಾತ್ರೆ ಎಲ್ಲ. ಓನ್ನಿಗೆ ಹೇಗೋ ಗೊತ್ತಾಯ್ತು. 'ಅವನು ನಿನ್ನ ಕೈಲಿ ಕೆಲಸ ಮಾಡಿಸ್ತಾನಾ?' ಅಂತ ಕೇಳಿದ್ರು. ನಂಗೆ ಭಯ ಆಯ್ತು. ಕೂಗಾಡ್ಬಿಟ್ಟೆ."

"ಸುಳ್ಳು!" ಏರಿಕ್ ಎದ್ದ. ನಗು ಮುಖ ಬಿಟ್ಟು ಹೋಗಿತ್ತು. "ಒಂದು ಸಾಕ್ಷಿ ಇದೆಯಾ?"

ಒಯುನಾ ಮಡಿಲಲ್ಲಿದ್ದ ಚೀಲ ತೆರೆದಳು. ಮಡಿಸಿದ ಕೆಂಪು ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಮೊಣಕಾಲಿನ ಕೆಳಗಿನ ತುಂಡು.

"ಇವತ್ತು ಬೆಳಿಗ್ಗೆ ಓವರಾಲ್ ತಂದುಕೊಟ್ರು. ಈ ಕಾಲು ಬಿಚ್ಚು, ಉಳಿದದ್ದು ತೊಳಿ ಅಂದ್ರು. ತುಂಡನ್ನ ನಿನ್ನ ಕೋಣೆ ಕಸದಬುಟ್ಟಿಗೇ ಹಾಕು ಅಂದ್ರು. ನಂಗೆ ಹೆದರಿಕೆ ಆಗಿ ಚೀಲದಲ್ಲೇ ಇಟ್ಕೊಂಡೆ."

ಪಿಹ್ಲಾಳ ಮೈ ಉರಿಯಿತು. ಪೊಲೀಸರು ಹುಡುಕಿದ್ದರೆ ಆ ಕೆಂಪು ತುಂಡು ಕೆಂಪು ಓವರಾಲಿನ ಹುಡುಗಿಯ ಕೋಣೆಯಲ್ಲೇ ಸಿಗುತ್ತಿತ್ತು.

ರೌತಿಯೊ ಬಟ್ಟೆಯನ್ನು ಬಿಡಿಸಿದಳು. ಅದರ ತುಂಬ ಮಾಸಿದ ಬಿಲ್ಲೆಗಳು. ಒಂದರ ಮೇಲೆ ಮೂರು ವರ್ಷದ ಹಿಂದಿನ ವಸಂತದ ಹಬ್ಬದ ಹೆಸರಿತ್ತು. ಒಯುನಾ ಈ ದೇಶಕ್ಕೆ ಕಾಲಿಟ್ಟದ್ದು ಹೋದ ತಿಂಗಳು.

"ಇದು ಅವಳದಲ್ಲ" ಎಂದಳು ರೌತಿಯೊ. "ಹರಿದೂ ಇಲ್ಲ. ಇನ್ನೇನಾದ್ರೂ ಹೇಳೋದಿದೆಯಾ ತಮ್ಮಾ?"

ಏರಿಕ್ ಧೊಪ್ಪನೆ ಕುಳಿತ.

"ಎಲ್ಲರಿಗೂ ಹೇಳ್ತೀನಿ ಅಂದ. ಸೀಟಿ ಊದಿ ಅಲ್ಲೇ ಎಲ್ಲರನ್ನೂ ಸೇರಿಸ್ತೀನಿ ಅಂದ. ನಾನು ಸೀಟಿ ಕಿತ್ಕೊಂಡೆ... ಬೀಳ್ತಾನೆ ಅಂದ್ಕೊಂಡಿರ್ಲಿಲ್ಲ."

"ಬಿದ್ದವನನ್ನ ಬಿಟ್ಟು ಓಡಿದೆಯಲ್ಲ" ಎಂದಳು ರೌತಿಯೊ. "ಏಳು."

*

ಆ ರಾತ್ರಿ ಓನ್ನಿ ಕಣ್ಣು ತೆರೆದ. ಮೊದಲು ನೀರು ಕೇಳಿದ. ಆಮೇಲೆ, "ಆ ಹುಡುಗಿ ಹೇಗಿದಾಳೆ?" ಎಂದು ಕೇಳಿದ.

ಮರುದಿನ ಶನಿವಾರ. ಮೆಂಟರ್‌ಗಳು ಪ್ರತಿ ಶನಿವಾರ ಹೊಸಬರಿಗೆ ಕಾಫಿ ಕೊಟ್ಟು ಕಷ್ಟಸುಖ ವಿಚಾರಿಸುವ ರೂಢಿ. ಒಯುನಾ ಅಲ್ಲಿಗೆ ಬಂದದ್ದು ಅದೇ ಮೊದಲು. ಪಾಸ್‌ಪೋರ್ಟ್ ಅವಳ ಜೇಬಿನಲ್ಲಿತ್ತು. ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಹೆದರಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಪಿಹ್ಲಾ ಎರಡೂ ಕೈಯಲ್ಲಿ ಲೋಟಗಳ ತಟ್ಟೆ ಹಿಡಿದು ಬಂದಳು. ಯೋಚಿಸದೆ ಕೇಳಿಬಿಟ್ಟಳು. "ಒಯುನಾ, ಸ್ವಲ್ಪ ಒಳಗಿಂದ ಹಾಲು ತರ್ತೀಯಾ?"

ಒಯುನಾ ಅಭ್ಯಾಸಬಲದಿಂದ ದಡಕ್ಕನೆ ಎದ್ದಳು. ಎರಡು ಹೆಜ್ಜೆ ಇಟ್ಟಳು. ನಿಂತಳು. ಅವಳ ಕಿವಿ ಕೆಂಪಾಯಿತು. ಬಿರಿದ ಬೆರಳುಗಳು ಒಂದನ್ನೊಂದು ಹಿಸುಕಿದವು.

"ಆಗಲ್ಲ" ಎಂದಳು. "ನೀನೇ ತಂದ್ಕೋ."

ಹೇಳಿ, ಉಸಿರು ಬಿಗಿಹಿಡಿದು ಪಿಹ್ಲಾಳ ಮುಖವನ್ನೇ ನೋಡುತ್ತ ನಿಂತಳು.

ಪಿಹ್ಲಾ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು, ಹಾಲು ತರಲು ಹೋದಳು.