ಹಡಗು ಐದಕ್ಕೆ, ಅಕ್ಕ ಆರಕ್ಕೆ

ನನ್ನ ಕತ್ತಿನ ಹಿಂದೆ ತಣ್ಣಗಿನ ಲೋಹ ಚುಚ್ಚಿತು.

“ಗಾಡಿ ತಿರುಗ್ಸು!”

ನಾನು ತಿರುಗಿಸಲಿಲ್ಲ. ಸ್ಪೀಡೋಮೀಟರ್ ಮುಳ್ಳು ನೂರಾ ಹತ್ತರಲ್ಲಿತ್ತು. ಎದುರಿಗೆ ಕಂಟೇನರ್ ಲಾರಿ. ಎಡಕ್ಕೆ ಎಳೆದೆ. ಕೂದಲೆಳೆಯಲ್ಲಿ ತಪ್ಪಿತು!

“ಕೇಳಿಸ್ಲಿಲ್ವಾ? ತಿರುಗ್ಸು ಅಂದೆ!”

“ತಿರುಗ್ಸಲ್ಲ. ಚುಚ್ಚೋದಾದ್ರೆ ಚುಚ್ಚಿ. ಆಮೇಲೆ ಸ್ಟೇರಿಂಗ್ ನೀವೇ ಹಿಡೀಬೇಕು.”

“ನಂಗೆ ಡ್ರೈವಿಂಗ್ ಬರಲ್ಲ.”

“ಹಾಗಾದ್ರೆ ಕೊಡೆ ಕೆಳಗಿಡಿ!”

ಕೊಡೆ ಕೆಳಗಿಳಿಯಿತು. ಕನ್ನಡಿಯಲ್ಲಿ ನೋಡಿದೆ. ಐವತ್ತೆಂಟರ ಹೆಂಗಸು. ವಿಮಾನದಲ್ಲಿ ಕುತ್ತಿಗೆಗೆ ಸುತ್ತಿಕೊಂಡ ದಿಂಬನ್ನು ಇನ್ನೂ ಬಿಚ್ಚಿರಲಿಲ್ಲ. ಕಣ್ಣಲ್ಲಿ ಮಾತ್ರ ಕೊಲೆ ಕಾಣುತ್ತಿತ್ತು.

“ನನ್ನ ಸೂಟ್‌ಕೇಸ್ ಬಂದಿಲ್ಲ. ಅದಿಲ್ದೆ ನಾನು ಹಡಗು ಹತ್ತಲ್ಲ.”

“ಸೂಟ್‌ಕೇಸ್ ಬೇಕಾ, ತಂಗಿ ಬೇಕಾ?”

ಅವಳು ಕಿಟಕಿಯಾಚೆ ನೋಡಿದಳು. ಬಹಳ ಹೊತ್ತು ನೋಡಿದಳು.

“ಯೋಚ್ನೆ ಮಾಡೋಕೆ ಟೈಮ್ ಕೊಡು.”

ಟೈಮ್! ನನ್ನ ಹತ್ತಿರ ಇಲ್ಲದೆ ಇದ್ದದ್ದು ಅದೊಂದೇ. ಗಂಟೆ ಮೂರು ಹದಿನೈದು. ಹಡಗಿನ ಗೇಟ್ ನಾಲ್ಕಕ್ಕೆ ಮುಚ್ಚುತ್ತದೆ. ಹಡಗು ಐದಕ್ಕೆ ಹೊರಡುತ್ತದೆ.

ನೀವು ಕೇಳಿದ್ದು ಒಂದೇ ಪ್ರಶ್ನೆ. ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯಬಹುದೇ? ಇಳಿಯಬಹುದು. ಹಾವಿನ ಹುತ್ತಕ್ಕೆ ಕೈಯನ್ನೂ ಹಾಕಬಹುದು... ಯಾರೂ ಬೇಡ ಅನ್ನುವುದಿಲ್ಲ. ಟಿಕೆಟ್ ಬುಕ್ ಮಾಡಲು ಹೊರಟ ಆ ಬೆರಳನ್ನು ಸ್ವಲ್ಪ ಮಡಚಿಕೊಂಡು ಪೂರ್ತಿ ಕೇಳಿ.

ಬಂದರಿನಲ್ಲಿ ನನ್ನನ್ನು ಕೊಕ್ಕೆ ಅನ್ನುತ್ತಾರೆ. ಹದಿನಾಲ್ಕು ವರ್ಷ ಪೊಲೀಸ್ ಡ್ರೆಸ್ ಹಾಕಿದ್ದೆ. ಒಂದು ಮಂಡಿ ಹೋಯಿತು, ಹಿಂದೆಯೇ ಡ್ರೆಸ್ಸೂ ಹೋಯಿತು. ಈಗ ಹಡಗು ತಪ್ಪಲಿರುವವರನ್ನು ಎಳೆದು ತಂದು ಹತ್ತಿಸುವುದು ನನ್ನ ಕೆಲಸ. ಹನಿಮೂನಿಗೆ ಹೊರಟವರನ್ನು ಹತ್ತಿಸಿದ್ದೇನೆ. ಮದುಮಗ ಬೇಡ ಅಂದರೂ ಹತ್ತಿಸಿದ್ದೇನೆ!

ಆವತ್ತು ಮಧ್ಯಾಹ್ನ ಹನ್ನೆರಡಕ್ಕೆ ಹಡಗಿನೊಳಗಿಂದ ಫೋನ್ ಬಂತು. ಹೆಣ್ಣು ದನಿ.

“ನಮ್ಮಕ್ಕ ಇವತ್ತು ಫ್ಲೈಟಲ್ಲಿ ಬರ್ತಿದಾಳೆ.”

“ಹಡಗು ಯಾವತ್ತು?”

“ಅದೂ ಇವತ್ತೇ!”

ನಾನು ಕುರ್ಚಿಯಿಂದ ಎದ್ದೆ. ಇಂಥ ಕೇಸನ್ನು ಕೂತು ಕೇಳಬಾರದು.

“ಒಂದು ದಿನ ಮುಂಚೆ ಬಾ ಅಂತ ಹೇಳ್ಬಾರ್ದಿತ್ತಾ?”

“ಹೇಗೆ ಹೇಳ್ಲಿ? ನಾವು ಮಾತು ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು. ಹಡಗಿನ ಟಿಕೆಟ್ ಪೋಸ್ಟಲ್ಲಿ ಕಳಿಸ್ದೆ. ‘ಆಯ್ತು’ ಅಂತ ಒಂದು ಕಾರ್ಡ್ ಬಂತು. ಫ್ಲೈಟ್ ಇವತ್ತೇ ಅಂತ ಅವಳ ಮಗ ಈಗ ಫೋನ್ ಮಾಡಿ ಹೇಳ್ದ. ಅಷ್ಟೇ.”

“ಮಾತು ಯಾಕೆ ಬಿಟ್ರಿ?”

“ನನ್ನ ಮದುವೇಗೂ ಅವಳು ಅದೇ ದಿನ ಫ್ಲೈಟ್ ಹಿಡಿದ್ಲು! ಮದುವೆ ಬೆಳಿಗ್ಗೆ. ಅವಳು ಬಂದಾಗ ಫೋಟೋದವನು ಲೈಟು ಮಡಚಿ ಡಬ್ಬಕ್ಕೆ ತುಂಬ್ತಿದ್ದ. ಬಂದು ಏನಂದ್ಲು ಗೊತ್ತಾ? ‘ಹೋಗ್ಲಿ ಬಿಡೇ, ಮುಂದಿನ ಸಲ ಬೇಗ ಬರ್ತೀನಿ!’ ನನ್ನ ಮದುವೇಗೆ... ಮುಂದಿನ ಸಲ!”

ನಗು ತಡೆಯಲು ನಾಲಿಗೆ ಕಚ್ಚಿಕೊಂಡಿದ್ದೆ.

“ನಿಮ್ಮ ಯಜಮಾನ್ರು ಜೊತೇಲಿಲ್ವಾ?”

“ಅವ್ರಿಗೆ ಬಕೆಟ್ ನೀರು ಅಲುಗಾಡಿದ್ರೂ ತಲೆ ತಿರುಗುತ್ತೆ. ಬಿಡಿ. ನೋಡಿ, ಇವತ್ತೂ ಅವಳು ತಪ್ಪಿಸ್ಕೊಂಡ್ಲೋ, ಅಲ್ಲಿಗೆ ಮುಗೀತು. ಜನ್ಮದಲ್ಲಿ ಮುಖ ನೋಡಲ್ಲ!”

ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು.

“ಹೇಗಾದ್ರೂ ಹತ್ತಿಸಿಬಿಡಿ ಕಣ್ರೀ. ಇರೋದೊಬ್ಬಳೇ ಅಕ್ಕ.”

ಹದಿನಾಲ್ಕು ವರ್ಷ ಪೊಲೀಸಿನಲ್ಲಿದ್ದವಳು ನಾನು. ಆದರೂ ಆ ಮಾತಿಗೆ ಕರಗಿದೆ. ಕಾರಿನ ಕೀ ಎತ್ತಿಕೊಂಡೆ.

ಅಕ್ಕನ ವಿಮಾನ ಹನ್ನೊಂದೂವರೆಗೇ ಬರಬೇಕಿತ್ತು. ಮೊದಲು ಮಂಜು ಅಂದರು. ಆಮೇಲೆ ವಿಮಾನದ ಬಾಗಿಲು ಮುಚ್ಚಲಿಲ್ಲ. ಇಲ್ಲಿ ಇಳಿದ ಮೇಲೆ ಅದೇ ಬಾಗಿಲು ತೆರೆಯಲಿಲ್ಲ! ಅಕ್ಕ ಹೊರಗೆ ಬಂದಾಗ ಎರಡು ಐವತ್ತು. “ಐದೂವರೆ ಗಂಟೆ ಟೈಮ್ ಇರುತ್ತೆ ಅಂದಿದ್ದ ನನ್ನ ಮಗ” ಅಂದಳು. ಮಗ ಲೆಕ್ಕ ಹಾಕಿದ್ದು ಸರಿಯೇ. ಆ ಲೆಕ್ಕ ವಿಮಾನಕ್ಕೆ ಗೊತ್ತಿರಲಿಲ್ಲ ಅಷ್ಟೇ.

ಬಂದರಿಗೆ ಮೂರು ಕಿಲೋಮೀಟರ್ ಇರುವಾಗ ಬ್ರೇಕ್ ಒತ್ತಿದೆ.

ಸೇತುವೆ ಮೇಲೆದ್ದಿತ್ತು!

ಆ ಸೇತುವೆ ದೋಣಿ ಬಂದರೆ ಎರಡು ಹೋಳಾಗಿ ಮೇಲೇಳುತ್ತದೆ. ಕೆಳಗೆ ಒಂದೇ ಒಂದು ಪುಟಾಣಿ ದೋಣಿ. ಅದರಲ್ಲಿ ಒಬ್ಬನೇ ಒಬ್ಬ ಮನುಷ್ಯ, ಸೇಬು ತಿನ್ನುತ್ತಾ ಕೂತಿದ್ದ. ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ ಹೋಗುತ್ತೇನೆ ಅನ್ನುವ ಹಾಗಿತ್ತು ಅವನ ಮುಖ. ಗಾಳಿ ಎಲ್ಲಿಗೂ ಒಯ್ಯುತ್ತಿರಲಿಲ್ಲ.

ಗಂಟೆ ಮೂರು ನಲವತ್ತೆಂಟು. ನನ್ನ ಫೋನ್ ಹೊಡೆದುಕೊಂಡಿತು. ತಂಗಿ! ಸ್ಪೀಕರ್ ಹಾಕಿದೆ.

“ಎಲ್ಲಿದೀರಾ?”

“ಸೇತುವೆ ಹತ್ರ. ಅಕ್ಕ ಇಲ್ಲೇ ಇದಾರೆ. ಮಾತಾಡಿ.”

“ಮೊದ್ಲು ಅವಳೇ ಮಾತಾಡ್ಲಿ.”

ಹಿಂದೆ ತಿರುಗಿದೆ. ಅಕ್ಕ ಕೈಕಟ್ಟಿ ಕೂತಿದ್ದಳು.

“ಚಿಕ್ಕೋಳು ಅವಳು. ಮೊದ್ಲು ಅವಳು ಮಾತಾಡ್ಲಿ.”

“ಅಮ್ಮಾ, ದಯವಿಟ್ಟು...”

“ಮಾತಾಡಲ್ಲ!”

ಫೋನಿನಲ್ಲಿ ಬರೀ ಉಸಿರು. ಒಂದು... ಎರಡು... ಮೂರು...

“ಸರಿ. ನಾನು ಬರ್ತೀನಿ.”

ಲೈನ್ ಕಟ್!

ತಿರುಗಿ ಮಾಡಿದೆ. ಸ್ವಿಚ್ ಆಫ್.

ಅಕ್ಕ ಮುಂದಿನ ಸೀಟು ಹಿಡಿದು ಬಗ್ಗಿದಳು.

“ಬರ್ತೀನಿ ಅಂದ್ಲು...”

“ಕೇಳಿಸ್ತು.”

“ಬರ್ತೀನಿ ಅಂದ್ರೆ ಹೊರಟ್ಲು ಅಂತ. ಮುಗೀತು.”

ನನಗೂ ಹಾಗೇ ಅನ್ನಿಸಿತು. ನಿಮಗೂ ಅನ್ನಿಸುತ್ತಿತ್ತು. ನಮ್ಮವರಲ್ಲಿ ಹೋಗುವವರು ಯಾರು ‘ಹೋಗ್ತೀನಿ’ ಅನ್ನುತ್ತಾರೆ? ಬಾಗಿಲು ದಾಟುವಾಗ ‘ಬರ್ತೀನಿ’ ಅನ್ನುತ್ತಾರೆ. ನಿಜವಾಗಿ ಬರಬೇಕಾದವರು ‘ಬಂದೇಬಿಟ್ಟೆ’ ಅನ್ನುತ್ತಾರೆ, ಆಗ ಇನ್ನೂ ಸ್ನಾನ ಆಗಿರುವುದಿಲ್ಲ.

ಅಕ್ಕನ ಕಣ್ಣು ತುಂಬಿತು. ದಿಂಬು ಕಿತ್ತು ಬಿಸಾಕಿದಳು.

“ನಂಗೆ ಸೂಟ್‌ಕೇಸ್ ಬೇಡ. ತಂಗಿ ಬೇಕು. ಓಡ್ಸು ಗಾಡಿ!”

“ಸೇತುವೆ ಇಳೀಬೇಕಲ್ಲ!”

“ಇಳಿಯೋವರೆಗೂ ಕಾಯ್ತೀಯಾ? ನೀನೆಂಥ ಪೊಲೀಸು!”

ದೋಣಿ ದಾಟಿತು. ಸೇತುವೆ ಇಳಿಯತೊಡಗಿತು. ಇನ್ನೂ ಅರ್ಧ ಅಡಿ ಬಾಕಿ ಇರುವಾಗಲೇ ಆಕ್ಸಿಲರೇಟರ್ ತುಳಿದೆ. ಕಾರು ಅರ್ಧ ಅಡಿ ಹಾರಿತು. ಅಕ್ಕ ಒಂದಡಿ ಹಾರಿದಳು.

“ಅಯ್ಯೋ ತಲೆ!”

ಹಿಂದಿನಿಂದ ಪೀಪೀ ಅಂತ ಸೀಟಿ! ಕನ್ನಡಿಯಲ್ಲಿ ನೋಡಿದೆ. ಸೇತುವೆಯ ಕಾವಲುಗಾರ ಬೆನ್ನಟ್ಟಿ ಬರುತ್ತಿದ್ದ... ಸೈಕಲ್ಲಿನಲ್ಲಿ!

ನಗಬೇಡಿ. ಮುಂದೆ ಇಡೀ ರಸ್ತೆ ಟ್ರಾಫಿಕ್ಕು. ಆ ಟ್ರಾಫಿಕ್ಕಿನಲ್ಲಿ ನನ್ನ ಕಾರಿಗಿಂತ ಅವನ ಸೈಕಲ್ಲೇ ಜೋರು. ಎರಡು ಸಲ ನನ್ನನ್ನು ಹಿಂದೆ ಹಾಕಿ ಮುಂದೆ ಹೋದ. ಮೂರನೇ ಸಲ ಕಿಟಕಿಗೆ ಬಗ್ಗಿ, “ನಿಲ್ಸಮ್ಮಾ...” ಅಂದ. ಉಸಿರೇ ಇರಲಿಲ್ಲ ಪಾಪ. ಅಕ್ಕ ಕಿಟಕಿ ಇಳಿಸಿ ನೀರಿನ ಬಾಟಲಿ ಕೊಟ್ಟಳು. ಅವನು ಕುಡಿಯಲು ನಿಂತ. ನಾನು ಬಲಕ್ಕೆ ತಿರುಗಿಸಿದೆ.

ಬಲಕ್ಕೆ ಇದ್ದದ್ದು ಸರಕಿನ ಗೇಟು. ಪ್ರಯಾಣಿಕರ ದೊಡ್ಡ ಬಾಗಿಲು ನಾಲ್ಕಕ್ಕೇ ಮುಚ್ಚಿತ್ತು. ಸರಕಿನ ಗೇಟಿಗೆ ತಿರುಗಿಸಿದ್ದೇ ನನ್ನ ಬುದ್ಧಿವಂತಿಕೆ. ಅದೇ ಮುಂದೆ ನನಗೆ ಮುಳುವಾಯಿತು!

ಗೇಟಿನಲ್ಲಿ ಬೀಗ ನಿಂತಿದ್ದ. ಬೀಗ ಅಂದರೆ ಅಲ್ಲಿನ ಗಾರ್ಡು. ಬಾಗಿಲಿನಷ್ಟೇ ಅಗಲದ ಆಳು. ನನಗೂ ಅವನಿಗೂ ಎಣ್ಣೆ ಸೀಗೇಕಾಯಿ.

“ಟೈಮ್ ಆಯ್ತು, ಕೊಕ್ಕೆ. ವಾಪಸ್ ಹೋಗು.”

“ಹಡಗು ಇನ್ನೂ ಇಲ್ಲೇ ಇದೆ.”

“ಸಮುದ್ರಾನೂ ಇಲ್ಲೇ ಇದೆ. ಬೇಕಾದ್ರೆ ಈಜು.”

ನಾನು ಹತ್ತಿರ ಹೋದೆ. ದನಿ ತಗ್ಗಿಸಿದೆ.

“ನಿನ್ನ ಹನಿಮೂನ್ ಹಡಗು ಯಾಕೆ ತಪ್ಪಿತು ಅಂತ ಹೆಂಡ್ತಿಗೆ ಏನು ಹೇಳಿದೀಯ?”

ಅವನ ಮೀಸೆ ಅಲುಗಿತು.

“...ಟ್ರಾಫಿಕ್ಕು ಅಂತ.”

“ಕ್ಯಾಂಟೀನ್ ಬೆಂಚಿನ ಮೇಲೆ ಗೊರಕೆ ಹೊಡೀತಿದ್ದ ಫೋಟೋ ನನ್ನ ಹತ್ರ ಇದೆ.”

“ಇಲ್ಲ! ಸುಳ್ಳು!”

ಸುಳ್ಳೇ. ಅಂದಾಜಿನಲ್ಲಿ ಕಲ್ಲು ಹೊಡೆದಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ.

ಗೇಟು ತೆರೆಯಿತು!

ಹಡಗು ಅರ್ಧ ಕಿಲೋಮೀಟರ್ ಆಚೆ. ನನ್ನದು ಒಂದೇ ಮಂಡಿ. ಅಕ್ಕನದು ಎರಡೂ ನೋವು. ಗೋಡೆಗೆ ಒರಗಿದ್ದ ಲಗೇಜ್ ಟ್ರಾಲಿ ಎಳೆದೆ.

“ಕೂತ್ಕೊಳ್ಳಿ.”

“ನಾನೇನು ಮೂಟೇನಾ?”

“ನಾಲ್ಕು ನಲವತ್ತು!”

ಮೂಟೆ ಕೂತಿತು. ತಳ್ಳಿದೆ. ಅಕ್ಕ ಕೊಡೆಯನ್ನು ಮುಂದಕ್ಕೆ ಚಾಚಿ, “ದಾರಿ ಬಿಡ್ರೋ! ದಾರಿ ಬಿಡ್ರೋ!” ಅಂತ ಕೂಗಿದಳು. ಕೂಲಿಗಳು ಹಾರಿದರು. ಒಬ್ಬ ಇನ್‌ಸ್ಪೆಕ್ಟರ್ ಹಾರಿದ. ಹಿಂದೆ ಎಲ್ಲೋ ಸೈಕಲ್ ಬೆಲ್ಲು!

ಹಡಗಿನ ಪಕ್ಕೆಯಲ್ಲಿ ಸಣ್ಣ ಬಾಗಿಲು. ಬಿಳಿ ಡ್ರೆಸ್ಸಿನ ಆಫೀಸರ್ ಅದನ್ನು ಎಳೆಯುತ್ತಿದ್ದ. ಸಂದಿಯಲ್ಲಿ ಕೊಡೆ ತೂರಿಸಿದಳು ಅಕ್ಕ.

“ಕ್ಯಾಬಿನ್ ನಂಬರ್?” ಅಂದ ಆಫೀಸರ್, ಗಾಬರಿಯಿಂದ.

“ಏಳ್ನೂರ ಹನ್ನೆರಡು!”

ಪಟ್ಟಿ ನೋಡಿದ.

“ಇಬ್ಬರು. ಅಕ್ಕ ತಂಗಿ. ಇಬ್ಬರೂ ಹೊರಗಿದ್ರಾ? ಬನ್ನಿ, ಬನ್ನಿ, ಒಳಗೆ!”

“ನಾನಲ್ಲ ಸಾರ್, ನಾನು ಬರೀ...”

ಧಡ್!

ಬಾಗಿಲು ನನ್ನ ಹಿಂದೆ ಮುಚ್ಚಿತು. ಕಾಲ ಕೆಳಗೆ ಇಂಜಿನ್ ಗುರ್ ಅಂದಿತು. ಆಗ ಹೊಳೆಯಿತು ನನಗೆ, ಆಫೀಸರ್ ಏನಂದ ಅಂತ. ‘ಇಬ್ಬರೂ ಹೊರಗಿದ್ರಾ?’

ಏಳ್ನೂರ ಹನ್ನೆರಡರ ಬಾಗಿಲು ತಳ್ಳಿದೆವು. ಎರಡು ಹಾಸಿಗೆ. ಒಂದರ ಮೇಲೆ ತಂಗಿಯ ಸೂಟ್‌ಕೇಸು. ಇನ್ನೊಂದರ ಮೇಲೆ ಮಡಚಿಟ್ಟ ಹೊಸ ಟವೆಲು, ಹೊಸ ಚಪ್ಪಲಿ, ವಾಂತಿ ಮಾತ್ರೆ. ಅಕ್ಕನಿಗೆ ಅಂತ ಜೋಡಿಸಿಟ್ಟದ್ದು.

ತಂಗಿ ಇರಲಿಲ್ಲ.

ಡೆಕ್ಕಿಗೆ ಓಡಿದೆವು. ಹಡಗು ಆಗಲೇ ದಡದಿಂದ ಹತ್ತು ಮಾರು ಸರಿದಿತ್ತು. ಕೆಳಗೆ, ಮುಚ್ಚಿದ ದೊಡ್ಡ ಬಾಗಿಲಿನ ಮುಂದೆ, ಹಳದಿ ಟೋಪಿಯ ಹೆಂಗಸೊಬ್ಬಳು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು.

“ಎಲ್ಲೇ ಹೋಗಿದ್ದೆ?” ಅಕ್ಕ ಕಿರುಚಿದಳು. ಹತ್ತೊಂಬತ್ತು ವರ್ಷದ ಮೇಲೆ ಮೊದಲನೇ ಮಾತು!

“ನಿನ್ನ ಹುಡುಕೋಕೆ ಕಣೇ! ಚಾರ್ಜ್ ಮುಗಿಯೋ ಮುಂಚೆ ಫೋನಲ್ಲಿ ಬರ್ತೀನಿ ಅಂದ್ನಲ್ಲ!”

“ಬರ್ತೀನಿ ಅಂದ್ರೆ ಯಾರಾದ್ರೂ ಬರ್ತಾರೇನೇ?!”

“ಇಳಿದ್ರೆ ಮತ್ತೆ ಹತ್ತಿಸಲ್ಲ ಅಂದ್ರು! ಹಾಳಾಗ್ಲಿ ಹಡಗು ಅಂತ ಇಳಿದೆ!”

ಅಕ್ಕ ಕಂಬಿ ಹಿಡಿದುಕೊಂಡಳು. ಕಣ್ಣೀರು ಧಾರೆಯಾಗಿ ಇಳಿಯಿತು.

“ಅಕ್ಕಾ!” ಕೆಳಗಿಂದ ಕೂಗು. “ನೀನು ಹತ್ತಿದ್ಯಲ್ಲೇ! ನೀನು ಟೈಮಿಗೆ ಹತ್ತಿದ್ಯಲ್ಲೇ!”

“ಹ್ಞೂಂ ಕಣೇ! ನಿಂಗೇ ಲೇಟಾಯ್ತು!”

ಇಬ್ಬರೂ ಅತ್ತರು. ಆಮೇಲೆ ಇಬ್ಬರೂ ನಕ್ಕರು. ಹಾರ್ನ್ ಹೊಡೆಯಿತು. ನನ್ನ ಕಣ್ಣಿಗೂ ಏನೋ ಬಿತ್ತು. ಸಮುದ್ರದ ಗಾಳಿ, ಬೇರೇನಿಲ್ಲ.

ಮುಂದಿನ ಬಂದರಿಗೆ ಎರಡು ದಿನ. ತಂಗಿ ಅಲ್ಲಿಗೆ ವಿಮಾನದಲ್ಲಿ ಬಂದು ಹಡಗು ಹತ್ತಬೇಕಿತ್ತು. ಅಷ್ಟೂ ದಿನ ನಾನು ಏಳ್ನೂರ ಹನ್ನೆರಡರಲ್ಲಿದ್ದೆ, ತಂಗಿಯ ಬಾತುಕೋಳಿ ಚಿತ್ರದ ನೈಟಿ ತೊಟ್ಟು. ಮಾಜಿ ಪೊಲೀಸ್! ಕ್ಯಾಪ್ಟನ್ ಎದುರು ಕೈಕಟ್ಟಿ ಅರ್ಧ ಗಂಟೆ ಬೈಸಿಕೊಂಡದ್ದೂ ಆ ನೈಟಿಯಲ್ಲೇ. ಅಕ್ಕ ಪ್ರತಿ ಗಂಟೆಗೂ ಕೇಳುತ್ತಿದ್ದಳು: “ಅವಳು ಬರ್ತಾಳಾ? ವಿಮಾನ ಲೇಟಾದ್ರೆ? ಬಾಗಿಲು ತೆರೀದಿದ್ರೆ?” ಅದೇ ದಿನ ಬಂದಿಳಿಯುವವರಿಗಾಗಿ ಕಾಯುವುದು ಹೇಗಿರುತ್ತದೆ ಅಂತ ಅವಳಿಗೆ ಮೊದಲ ಸಲ ಗೊತ್ತಾಯಿತು. ಎರಡನೇ ದಿನ ಊಟ ಬಿಟ್ಟಳು.

ಹಡಗು ದಡ ಸೇರಿದಾಗ ತಂಗಿ ಅಲ್ಲೇ ಇದ್ದಳು. ಮಡಚುವ ಕುರ್ಚಿ ಹಾಕಿಕೊಂಡು, ಹಳದಿ ಟೋಪಿ ಹಾಕಿಕೊಂಡು. ಒಂದು ದಿನ ಮೊದಲೇ ಬಂದು ಕೂತಿದ್ದಳು!

ಅಕ್ಕ ಮೆಟ್ಟಿಲಲ್ಲಿ ಎಡವುತ್ತಾ ಇಳಿದಳು. ತಂಗಿ ಕುರ್ಚಿ ಒದ್ದು ಓಡಿದಳು. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ದಾರಿಗಡ್ಡ ನಿಂತೇ ನಿಂತರು. ಹಿಂದಿನವರು ಗೊಣಗಿದರು. ಗೊಣಗಿದವರನ್ನು ನಾನು ಒಂದು ಸಲ ನೋಡಿದೆ. ಸುಮ್ಮನಾದರು.

ಕೇಸ್ ಮುಗಿಯಿತು. ನಾನು ಇಳಿದು ಬಂದರಿನ ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ಕೂತೆ. ಹಡಗು ಹೊರಟಿತು. ಎರಡೇ ಗುಟುಕು ಕುಡಿದಿದ್ದೆ... ಫೋನ್!

“ಕೊಕ್ಕೆ! ಕಿಟಕಿ ಪಕ್ಕದ ಹಾಸಿಗೆ ನಂದು ಅಂತಾಳೆ ಇವಳು! ನನ್ನನ್ನ ಈಗ್ಲೇ ಇಳಿಸು!” ಅಕ್ಕ.

ಹಿಂದಿನಿಂದ ತಂಗಿ: “ದೊಡ್ಡೋಳು ಅಂತ ಎಲ್ಲಾದ್ರಲ್ಲೂ ದೊಡ್ಡಸ್ತಿಕೆ! ಇಳಿಸ್ರೀ ಇವಳನ್ನ! ಇಲ್ಲಾಂದ್ರೆ ನನ್ನನ್ನ ಇಳಿಸಿ!”

“ಇನ್ನೂ ಎಂಟು ದಿನ ಇದೆ ಕೊಕ್ಕೆ! ಎಂಟು ದಿನ!”

“ಹತ್ತಿಸೋದು ನನ್ನ ಡ್ಯೂಟಿ, ಸಹಿಸ್ಕೊಳ್ಳೋದು ನಿಮ್ಮದು” ಅಂದೆ. ಫೋನ್ ಆಫ್ ಮಾಡಿದೆ.