ಕ್ಯಾಮೆರಾ ಮುಂದಿನ ಖಾಲಿ ಕುರ್ಚಿ

ಮೊಳಕಾಲ್ಮೂರು ಸೀರೆಯ ಗಂಟು ಹೊತ್ತು ವರ್ಷಾನುಗಟ್ಟಲೆ ಮದರಾಸು, ಹೈದರಾಬಾದು ಅಲೆದ ಮುರುಗೇಂದ್ರಪ್ಪನನ್ನು ಕೊನೆಗೆ ಸೀರೆ ನೇತುಹಾಕುವ ಗೂಟ ಮಾಡಿದವನು ಅವನ ತಂಗಿಯ ಗಂಡ ತಿಪ್ಪೇರುದ್ರ. ಚಳ್ಳಕೆರೆಯ ಆಫೀಸಿಗೆ ಅವನು ಕಂಪ್ಯೂಟರು, ಕ್ಯಾಮೆರಾ ತಂದು ಕೂರಿಸಿದ ಮೇಲೆ ಊರೂರು ತಿರುಗುವ ಅಗತ್ಯವೇ ಉಳಿಯಲಿಲ್ಲ. ರೈಲಿಲ್ಲ, ಲಾಡ್ಜಿಲ್ಲ, ಎದ್ದು ನಿಂತು ಸಾಹುಕಾರರೇ ಬನ್ನಿ ಎನ್ನುವವರಿಲ್ಲ. ತಿಪ್ಪೇರುದ್ರ ಕುರ್ಚಿಯಲ್ಲಿ ಕೂತು ದೂರದೂರಿನ ವ್ಯಾಪಾರಿಗಳ ಜೊತೆ ನಗುತ್ತಾ ಮಾತಾಡುತ್ತಿದ್ದ. ಮುರುಗೇಂದ್ರಪ್ಪ ಹಿಂದೆ ನಿಂತು ಸೀರೆ ಬಿಡಿಸಿ ಹಿಡಿಯಬೇಕು. ಒಂದು ದಿನ ಚೆನ್ನೈನ ವ್ಯಾಪಾರಿ ನಾಯ್ಡು ನೋಡುತ್ತಿರುವಾಗಲೇ, “ಭಾವ, ನಿಮ್ ಮುಖ ಅಡ್ಡ ಬರ್ತೈತೆ. ಸೆರಗು ಮೇಲಕ್ಕೆ ಹಿಡ್ಕಳ್ರಿ,” ಅಂದ ತಿಪ್ಪೇರುದ್ರ.

ಮುರುಗೇಂದ್ರಪ್ಪ ಹಿಡಿದ. ಆ ಸೆರಗಿನ ಹಿಂದೆ, ಯಾರಿಗೂ ಮುಖ ಕಾಣದ ಜಾಗದಲ್ಲಿ ನಿಂತೇ, ಇವನನ್ನು ಕೊಲ್ಲಬೇಕೆಂದು ತೀರ್ಮಾನಿಸಿದ.

ಉಪಾಯವನ್ನೂ ತಿಪ್ಪೇರುದ್ರನೇ ಕೊಟ್ಟಂತಾಗಿತ್ತು. ಕ್ಯಾಮೆರಾ ಮುಂದೆ ಕೂತರೆ ಎಲ್ಲಿದ್ದರೂ ಒಂದೇ ಎಂದು ಅವನು ದಿನಕ್ಕೊಮ್ಮೆ ಹೇಳುತ್ತಿದ್ದ. ಎಲ್ಲಿದ್ದರೂ ಒಂದೇ ಆದರೆ, ಎಲ್ಲಿದ್ದಾನೆಂದು ನೋಡುವವನಿಗೆ ತಿಳಿಯುವುದು ಹೇಗೆ? ಮುರುಗೇಂದ್ರಪ್ಪ ಕಂಪ್ಯೂಟರ್ ಕಲಿಯುವ ಆಸೆ ತೋರಿಸಿದ. ಭಾವನಿಗೆ ಕೊನೆಗೂ ಬುದ್ಧಿ ಬಂತೆಂದು ತಿಪ್ಪೇರುದ್ರ ಖುಷಿಯಿಂದ ಎಲ್ಲ ಹೇಳಿಕೊಟ್ಟ.

ಮೊಳಕಾಲ್ಮೂರಿನಲ್ಲಿ ಅವರ ಮಗ್ಗದ ಶೆಡ್ಡಿನ ಹಿಂದೆ ಒಂದು ಹಳೇ ಗೋದಾಮಿತ್ತು. ಅದರ ಒಂದು ಗೋಡೆಗೆ ಮುರುಗೇಂದ್ರಪ್ಪ ಆಫೀಸಿನದೇ ಹಸಿರು ಬಣ್ಣ ಬಳಿದ, ಅಲ್ಲಿನದೇ ಕ್ಯಾಲೆಂಡರ್ ತೂಗುಹಾಕಿದ, ಅಂಥದೇ ಕುರ್ಚಿ ಇಟ್ಟ. ಬಳ್ಳಾರಿಯಿಂದ ಹಳೇ ಲ್ಯಾಪ್‌ಟಾಪು, ಡೇಟಾ ಕಾರ್ಡು ಗುಟ್ಟಾಗಿ ತಂದ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಖಾಲಿ ಶೆಡ್ಡಿನಲ್ಲಿ ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸು ಪರೀಕ್ಷಿಸಲು ತಿಪ್ಪೇರುದ್ರ ಒಬ್ಬನೇ ಹೋಗುವುದು ಅವತ್ತೇ. ಅದೇ ದಿನ ತಾನು ಚಳ್ಳಕೆರೆ ಆಫೀಸಿನ ಶಟರ್ ಎಳೆದುಕೊಂಡು ನಾಯ್ಡು ಜೊತೆ ಮೀಟಿಂಗ್ ಮಾಡುವುದಾಗಿ ಮುರುಗೇಂದ್ರಪ್ಪ ಎಲ್ಲರಿಗೂ ಹೇಳಿದ. ಹೆಂಡತಿ ತವರಿಗೆ ಹೋಗಿದ್ದಳು. ಕೋಳಿ ಕೂಗುವ ಮುಂಚೆಯೇ ಬೈಕು ಹತ್ತಿ, ಗೌರಸಮುದ್ರದ ಕಡೆಯ ಒಳದಾರಿಯಲ್ಲಿ ಮೊಳಕಾಲ್ಮೂರಿನ ಗೋದಾಮಿಗೆ ಹೊರಟ.

ಶೆಡ್ಡಿನ ಬೀಗ ತೆಗೆದ ಸದ್ದು ಗೋಡೆಯಾಚೆಯಿಂದ ಕೇಳಿದಾಗ ಲ್ಯಾಪ್‌ಟಾಪಿನ ಪರದೆಯಲ್ಲಿ ನಾಯ್ಡು ದೊಡ್ಡಂಚಿನ ಸೀರೆ ಕೇಳುತ್ತಿದ್ದ. ಅಟ್ಟದ ಮೇಲಿವೆ, ತರುತ್ತೇನೆ ಎಂದು ತೆಲುಗಿನಲ್ಲಿ ಹೇಳಿ ಮುರುಗೇಂದ್ರಪ್ಪ ಎದ್ದ. ಕ್ಯಾಮೆರಾದ ಕಣ್ಣು ತಪ್ಪಿದ ಕೂಡಲೇ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಕಬ್ಬಿಣದ ಸಲಾಕೆ ಕೈಗೆತ್ತಿಕೊಂಡ.

ತಿಪ್ಪೇರುದ್ರ ಮಗ್ಗದ ಮೇಲೆ ಬಾಗಿದ್ದ. ತಲೆಗೆ ಬೀಳಬೇಕಿದ್ದ ಏಟು ಹೆಗಲಿಗೆ ಬಿತ್ತು, ಮೂಳೆ ಲಟಕ್ಕೆಂದಿತು. ಅವನು ತಿರುಗಿ ನೋಡಿದ. ಕಣ್ಣಲ್ಲಿ ನೋವಿಗಿಂತ ಅಚ್ಚರಿಯೇ ಹೆಚ್ಚಿತ್ತು.

“ಭಾವ, ನೀವು ಮೀಟಿಂಗ್‌ನಾಗೆ ಇರ್ಬೇಕಿತ್ತಲ್ಲ?”

“ಮೀಟಿಂಗ್‌ನಾಗೇ ಇದೀನಿ ಕಣಲೇ,” ಅಂದವನೇ ಮುರುಗೇಂದ್ರಪ್ಪ ಹಣೆಗೆ ಬೀಸಿದ.

ತಿಪ್ಪೇರುದ್ರ ಹಾಸಿನ ಮೇಲೆ ಬಿದ್ದ. ರೇಷ್ಮೆ ಎಳೆಗಳು ಪಟಪಟ ಹರಿದವು. ರಕ್ತದಲ್ಲಿ ಜಾರುತ್ತಿದ್ದ ಅವನ ಕೈ ಮುರುಗೇಂದ್ರಪ್ಪನ ಕಾಲು ಹಿಡಿಯಿತು. ಬೇಡಿಕೊಳ್ಳಲೋ ಎಳೆದು ಕೆಡವಲೋ ತಿಳಿಯಲಿಲ್ಲ. ಮುರುಗೇಂದ್ರಪ್ಪ ಆ ಕೈಯನ್ನು ತುಳಿದು ನಿಂತು, ತಲೆಯ ಆಕಾರ ಕೆಡುವವರೆಗೂ ಹೊಡೆದ. ಬಿಳಿಯ ಹಾಸು ಕೆಂಪನ್ನು ಹೀರುತ್ತಾ ಹೋಯಿತು. ಆಮೇಲೆ ಕೊಡದ ನೀರಿನಲ್ಲಿ ಕೈ, ಮುಖ ತೊಳೆದು, ಅಂಗಿ ತೊಟ್ಟು, ಮೊದಲೇ ಜೋಡಿಸಿಟ್ಟಿದ್ದ ಸೀರೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತ. ಅಂಚು ಬಹಳ ಚೆನ್ನಾಗಿದೆ ಎಂದು ನಾಯ್ಡು ಮೆಚ್ಚಿಕೊಂಡ. ಈ ಸಲ ಮುಖ ಅಡ್ಡ ಬಂತೆಂದು ಯಾರೂ ಅನ್ನಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಕಳ್ಳತನ ಆದಂತೆ ಕಾಣಲೆಂದು ಶೆಡ್ಡಿನ ಜರಿಯ ಪೆಟ್ಟಿಗೆ ಒಡೆದ. ಹಸಿರು ಗೋಡೆಗೆ ಸುಣ್ಣ ಹೊಡೆದ. ಜರಿ, ಸಲಾಕೆ, ಲ್ಯಾಪ್‌ಟಾಪು ಎಲ್ಲವನ್ನೂ ಪಾಳುಬಾವಿಗೆ ಎಸೆದು, ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಚಳ್ಳಕೆರೆ ಸೇರಿದ. ಬೀದಿ ದೀಪಗಳು ಉರಿಯುತ್ತಿದ್ದವು.

ಮಣ್ಣು ಮಾಡಿದ ಮಾರನೆಯ ದಿನ ಸಬ್‌ಇನ್ಸ್‌ಪೆಕ್ಟರು ಚಳ್ಳಕೆರೆಯಲ್ಲೇ ಇದ್ದ ತಂಗಿಯ ಮನೆಗೆ ಬಂದರು. ಮುರುಗೇಂದ್ರಪ್ಪ ತಡವರಿಸದೆ ಹೇಳಿದ: ಇಡೀ ದಿನ ಆಫೀಸಿನ ಕಂಪ್ಯೂಟರಿನ ಮುಂದೆಯೇ ಇದ್ದೆ, ಚೆನ್ನೈನವರನ್ನು ಕೇಳಿ. ಸಬ್‌ಇನ್ಸ್‌ಪೆಕ್ಟರು ಅಲ್ಲಿಂದಲೇ ನಾಯ್ಡುವಿಗೆ ಫೋನು ಮಾಡಿದರು. ಗೋಡೆ, ಕ್ಯಾಲೆಂಡರು, ಮನುಷ್ಯ, ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ, ಅಟ್ಟಕ್ಕೆ ಹೋದವರು ಸ್ವಲ್ಪ ಹೊತ್ತಿಗೇ ಬಂದರು ಎಂದು ನಾಯ್ಡು ಹೇಳಿದ. ಅಷ್ಟರಲ್ಲಿ ಹಾರಿಕೊಂಡು ಹೋದರೂ ಮೊಳಕಾಲ್ಮೂರು ಮುಟ್ಟಿ ಬರಲಾಗದು. ಸಬ್‌ಇನ್ಸ್‌ಪೆಕ್ಟರು ಹೇಳಿಕೆ ಬರೆದುಕೊಂಡು, ತೊಂದರೆ ಕೊಟ್ಟಿದ್ದಕ್ಕೆ ಬೇಜಾರಾಗಬೇಡಿ ಎಂದರು. ಮುರುಗೇಂದ್ರಪ್ಪನ ಒಳಗೆ ಏನೋ ಹಗುರಾಯಿತು.

ತಂಗಿ ಪವಿತ್ರ ಅಣ್ಣನ ಕೈ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಯಾರಿಗೆಂದಿಲ್ಲದೆ ಹೇಳಿಕೊಳ್ಳತೊಡಗಿದಳು: “ಹೊಟ್ಟೆ ತುಂಬ ಉಣ್ಣಲಿಲ್ಲ ಅವರು. ಅವತ್ತು ಬೆಳಗ್ಗೆ ಎದ್ದೇಳೋವಾಗ್ಲೇ ಕರೆಂಟ್ ಹೋಗಿತ್ತು, ಮಿಕ್ಸಿ ಆಡ್ಲಿಲ್ಲ. ಚಟ್ನಿ ಇಲ್ದೇ ಒಣಾ ರೊಟ್ಟಿ ತಿಂದು ಹೋದ್ರು.” ಎದ್ದು ನಿಂತಿದ್ದ ಸಬ್‌ಇನ್ಸ್‌ಪೆಕ್ಟರು ಮತ್ತೆ ಕೂತರು. ಕರೆಂಟು ಯಾವಾಗ ಬಂತೆಂದು ಮೆಲ್ಲಗೆ ಕೇಳಿದರು. ದೀಪ ಹಚ್ಚೋ ಹೊತ್ತಿಗೆ, ಅಲ್ಲೀವರೆಗೂ ಇಡೀ ಚಳ್ಳಕೆರೆಗೇ ಕರೆಂಟಿರಲಿಲ್ಲ ಎಂದಳು. ಅವರು ಮುರುಗೇಂದ್ರಪ್ಪನ ಕಡೆ ತಿರುಗಿ, “ಆಫೀಸ್‌ನಾಗೆ ಇನ್ವರ್ಟರ್ ಐತೇನ್ರಿ?” ಅಂದರು. ಅಣ್ಣನ ಕೈ ಬಿಡದೆ ಪವಿತ್ರಳೇ ಅವನ ಪರವಾಗಿ ಉತ್ತರ ಹೇಳಿದಳು: “ಇಲ್ಲ ಸಾರ್. ನಮ್ಮನೆಯವರು ಹಾಕಿಸ್ತೀನಿ ಅಂದ್ರು. ದುಡ್ಡು ದಂಡ ಅಂತ ಅಣ್ಣನೇ ಬ್ಯಾಡ ಅಂದ.”